ಎರಡನೆಯ ಕೈ

ನಮ್ಮ ಊರಿನಲ್ಲಿ ಮಧ್ಯಾಹ್ನದ ಊಟ ಮುಗಿದು ತಟ್ಟೆ ತೊಳೆಯುವ ಹೊತ್ತಿಗೆ ಭಾರ ಹೋಗುತ್ತದೆ. ಸುಮಾರು ಒಂದು ಗಂಟೆ ಇರುವುದಿಲ್ಲ, ಆಮೇಲೆ ಬರುತ್ತದೆ. ಹೋಗುವಾಗ ಬೀಗರ ಮನೆಯಿಂದ ಹೊರಟವರ ಹಾಗೆ ಹೊಸ್ತಿಲಲ್ಲಿ ನಿಂತು ನಿಂತು ಹೋಗುತ್ತದೆ. ಬರುವಾಗ ಮಾತ್ರ ಹೇಳದೆ ಕೇಳದೆ ಒಮ್ಮೆಲೇ ಬಂದುಬಿಡುತ್ತದೆ. ಮೇಲಕ್ಕೆ ಹೋದದ್ದು ಏನೇ ಇದ್ದರೂ ಆ ಕ್ಷಣಕ್ಕೆ ದಬಕ್ಕನೆ ಕೆಳಗೆ. ಹಾಗಾಗಿ ನಮ್ಮಲ್ಲಿ ಕಟ್ಟದೆ ಬಿಟ್ಟ ವಸ್ತುವೇ ಇಲ್ಲ. ಕೊಡಪಾನಕ್ಕೆ ಮುಚ್ಚಳ, ಮುಚ್ಚಳಕ್ಕೆ ಚಿಲಕ. ಕೋಳಿಗಳು ಹನ್ನೊಂದು ಗಂಟೆಗೇ ತಾವಾಗಿ ಗೂಡು ಸೇರುತ್ತವೆ. ಮಂಡಿನೋವಿನ ಮುದುಕಿಯರು ಮಾತ್ರ ಆ ಹೊತ್ತಿಗಾಗಿ ಬೆಳಗಿನಿಂದಲೇ ಕಾಯುತ್ತಾರೆ. ಸೊಂಟಕ್ಕೊಂದು ಹಗ್ಗ ಬಿಗಿಸಿಕೊಂಡು ಅಟ್ಟದೆತ್ತರಕ್ಕೆ ಏರಿ, ಎಲೆಅಡಿಕೆ ಜಗಿಯುತ್ತ, ಒಬ್ಬರ ಪಾದ ಒಬ್ಬರು ನೋಡಿ ನಗುತ್ತಾರೆ, ಅರ್ಧ ಗಂಟೆಗೆಲ್ಲ ಹಗ್ಗ ಹಿಡಿದು ಇಳಿದುಬಿಡುತ್ತಾರೆ. ಹೊರಗಿನಿಂದ ಬಂದವರು ಮೊದಲ ದಿನ ಕಿರುಚುತ್ತಾರೆ, ಎರಡನೆಯ ದಿನ ಫೋಟೊ ತೆಗೆಯುತ್ತಾರೆ, ಮೂರನೆಯ ದಿನ ಹಗ್ಗ ಕೇಳಿಕೊಂಡು ನಮ್ಮ ಬೀದಿಗೆ ಬರುತ್ತಾರೆ.

ನಮ್ಮ ಬೀದಿ ಎಂದರೆ ಹುರಿಕಾರರ ಬೀದಿ. ನಲವತ್ತು ಮನೆ. ಕತ್ತಾಳೆ ಪಟ್ಟೆಯನ್ನು ಕೊಳೆಹಾಕಿ, ಬಡಿದು, ನಾರು ತೆಗೆದು, ಹುರಿಮಾಡಿ ಹಗ್ಗ ಹೊಸೆಯುತ್ತೇವೆ. ಆ ಹಗ್ಗದಿಂದ ಊರನ್ನು ಕಟ್ಟುತ್ತೇವೆ. ಸಂತೆಮಾಳದ ಗಾಡಿಗಳು, ಶಾಲೆಯ ಬೆಂಚುಗಳು, ನೀರಿನ ತೊಟ್ಟಿಯ ಮುಚ್ಚಳ, ಮದುವೆಯ ಚಪ್ಪರ, ಎಲ್ಲವೂ ನಮ್ಮ ಕೈಯಲ್ಲೇ ನಿಂತಿವೆ. ಮುಹೂರ್ತ ಆ ಹೊತ್ತಿಗೇ ಬಿದ್ದಾಗ ಪುರೋಹಿತರನ್ನೂ ಕಟ್ಟಿದ್ದುಂಟು.

ಕಟ್ಟುವವರಿಗೆ ತಮ್ಮದೇ ಮಾತಿದೆ. ಊರಿನ ಉಳಿದವರು ಹಗ್ಗ ಸಡಿಲವಾಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನಮ್ಮಲ್ಲಿ ಹೊಸ ಹಗ್ಗ ಸಡಿಲವಾದರೆ ಅದು ಆಕಳಿಸಿತು, ಹಳೆಯದಾದರೆ ಕೂತಿತು. ತೇವಕ್ಕೆ ಬಿರುಸಾದ ಹಗ್ಗ ಮುನಿದಿದೆ. ಅದರ ಜೊತೆ ಗುದ್ದಾಡಬಾರದು, ಬಿಸಿಲಿಗೆ ಹಾಕಬೇಕು. ಒಳಗೆ ಎಳೆ ಕಿತ್ತುಕೊಂಡು ಚಿರಿಚಿರಿ ಎನ್ನುವ ಹಗ್ಗ ಮಾತಾಡುತ್ತಿದೆ. ಅದು ಕಿವಿಗೆ ಬಿದ್ದ ಮೇಲೆ ಯಾರೂ ಅದರ ಕೆಳಗೆ ನಿಲ್ಲುವುದಿಲ್ಲ. ನೋಡಲು ಚೆಂದವಿದ್ದು ಕೆಲಸಕ್ಕೆ ಬಾರದ ಹಗ್ಗ ಅಳಿಯ. ಎಳೆದಷ್ಟೂ ಬಿಗಿಯುವುದು ಅತ್ತೆಗಂಟು, ಒಂದೇ ಎಳೆತಕ್ಕೆ ಬಿಚ್ಚುವುದು ನೆಂಟಗಂಟು. ತೊಟ್ಟಿಲಿಗೆ ಹಾಕುವುದು ಕೂಸುಗಂಟು. ಅದು ಹಿಡಿಯುತ್ತದೆ, ಆದರೆ ಅಮುಕುವುದಿಲ್ಲ. ತುದಿಯಲ್ಲಿ ನಾಲ್ಕು ಬೆರಳಿನಷ್ಟು ಜುಟ್ಟು ಬಿಟ್ಟಿರಬೇಕು, ಇಲ್ಲದಿದ್ದರೆ ಜಗ್ಗಿ ಜಗ್ಗಿ ಜಾರುತ್ತದೆ. ಈ ಮಾತುಗಳು ಕೆಲಸ ಮುಗಿದ ಮೇಲೆ ನಮ್ಮ ಜೊತೆಗೇ ಮನೆಗೆ ಬರುತ್ತವೆ. ಗಂಡ ಹೆಂಡತಿ ಮಾತು ಬಿಟ್ಟರೆ ನಮ್ಮ ಬೀದಿಯವರು ಪಂಚಾಯಿತಿ ಮಾಡುವುದಿಲ್ಲ. "ಮುನಿದವ್ರೆ, ವಸಿ ಬಿಸ್ಲಿಗಾಕಿ" ಎಂದು ಇಬ್ಬರನ್ನೂ ಹೊಲದ ಕಡೆ ಕಳಿಸುತ್ತಾರೆ. ಪಟ್ಟಣದ ಕಾಲೇಜಿನಲ್ಲಿ ಮೂರು ವರ್ಷ ಕನ್ನಡ ಸಾಹಿತ್ಯ ಓದಿದೆ. ಒಂದು ಸಂಸಾರವನ್ನು ಇಷ್ಟು ಕಡಿಮೆ ಮಾತಿನಲ್ಲಿ, ಇಷ್ಟು ಮರ್ಯಾದೆಯಾಗಿ ಹೇಳುವ ವಾಕ್ಯ ಅಲ್ಲಿ ನನಗೆ ಸಿಕ್ಕಲಿಲ್ಲ.

ಇವೆಲ್ಲಕ್ಕಿಂತ ಮೇಲಿನದು ಒಂದು ಕಟ್ಟಳೆ. ಕಟ್ಟಿದವರು ತಮ್ಮ ಗಂಟನ್ನು ತಾವೇ ಸರಿ ಎನ್ನುವಂತಿಲ್ಲ. ಗಂಟು ಹಾಕಿದ ಮೇಲೆ ಅದರ ಮೇಲಿನ ಕೈ ತೆಗೆಯದೆ ನಿಲ್ಲಬೇಕು. ಇನ್ನೊಬ್ಬರು ಬಂದು ಮುಟ್ಟಿ, ಬೆರಳಾಡಿಸಿ, "ಒಪ್ಪು" ಎನ್ನಬೇಕು. ಆಗಲೇ ಕೈ ಬಿಡುವುದು. ಸರಿಯಿಲ್ಲದಿದ್ದರೆ ಅವರು "ಇಲ್ಲ" ಎನ್ನುತ್ತಾರೆ. ಹಾಗೆ ಅನ್ನಿಸಿಕೊಂಡವರು ಮುಖ ಊದಿಸಿಕೊಳ್ಳುವಂತಿಲ್ಲ. "ನಿನ್ ಕಣ್ಣು ದೊಡ್ಡದು" ಎಂದು ಹೇಳಿ, ಬಿಚ್ಚಿ, ಮತ್ತೆ ಕಟ್ಟಬೇಕು. ಮಕ್ಕಳು ಈ ಆಟ ಆಡಿಕೊಂಡೇ ಬೆಳೆಯುತ್ತಾರೆ. ನಾನು ಕಾಲೇಜಿನ ಹಾಸ್ಟೆಲಿನಲ್ಲಿ ಜಡೆ ಹೆಣೆದು ತುದಿ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದೆ. ಕೋಣೆಯ ಗೆಳತಿಯರು ನನಗೆ ತಲೆ ಸರಿಯಿಲ್ಲ ಎಂದುಕೊಂಡರು.

ತಲೆ ಸರಿಯಿದೆ, ಆದರೆ ನೆಮ್ಮದಿ ಕಡಿಮೆ. ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು ನಾನು. ಒಲೆ ಆರಿಸಿದ್ದೇನೆಯೇ ಎಂದು ಅರ್ಧ ದಾರಿಯಿಂದ ವಾಪಸು ಬಂದವಳು. ಒಂದು ಚೀಟಿ ಬರೆಯಬೇಕಾದರೂ ನಾಲ್ಕು ಪದ ಹೊಡೆದುಹಾಕುತ್ತೇನೆ. ನಮ್ಮ ಕಟ್ಟಳೆ ನನ್ನಂಥವಳಿಗಾಗಿಯೇ ಹುಟ್ಟಿತು ಅನ್ನಿಸುತ್ತದೆ. "ಒಪ್ಪು" ಬಿದ್ದ ಗಂಟನ್ನು ಮತ್ತೆ ಮುಟ್ಟಿದರೆ ಒಪ್ಪಿದವರಿಗೆ ಅವಮಾನ, ಹಾಗಾಗಿ ಮುಟ್ಟುವುದಿಲ್ಲ. ದಿನದಲ್ಲಿ ನನ್ನ ಎದೆ ಹಗುರಾಗುವುದು ಆ ಒಂದು ಮಾತು ಕಿವಿಗೆ ಬಿದ್ದಾಗ ಮಾತ್ರ, ಊರಿನ ಭಾರ ಹೋಗುವುದಕ್ಕೂ ಸ್ವಲ್ಪ ಮುಂಚೆ.

ಎಂಟು ವರ್ಷಗಳಿಂದ ನನಗೆ ಆ ಮಾತು ಹೇಳುತ್ತಿದ್ದವಳು ಚೌಡಮ್ಮ. ನನಗಿಂತ ಹದಿನೈದು ವರ್ಷ ದೊಡ್ಡವಳು, ಬಾಯಿ ಜೋರು, ಬೆರಳು ಮೃದು. ಊರಿನ ಹೆರಿಗೆ ಆಸ್ಪತ್ರೆಯ ಹನ್ನೆರಡು ತೊಟ್ಟಿಲುಗಳು ನಮ್ಮಿಬ್ಬರವು. ನಾನು ಕಟ್ಟಿದರೆ ಅವಳು ಒಪ್ಪುತ್ತಾಳೆ, ಅವಳು ಕಟ್ಟಿದರೆ ನಾನು. ಬಾಗಿಲಲ್ಲಿ ದಾರಕ್ಕೆ ತೂಗುಹಾಕಿದ ಕಲ್ಲೊಂದಿದೆ. ಅದು ನೇರ ನಿಲ್ಲಲಾರದೆ ಅತ್ತಿತ್ತ ಅನುಮಾನಿಸತೊಡಗಿದರೆ ಇನ್ನು ಕಾಲು ಗಂಟೆ ಎಂದು ಲೆಕ್ಕ. ಆ ಕಾಲು ಗಂಟೆಯಲ್ಲಿ ಹನ್ನೆರಡು ಗಂಟು. ಹಗ್ಗ ತೊಟ್ಟಿಲನ್ನೂ ಮಗುವಿನ ಹೊದಿಕೆಯನ್ನೂ ಸೇರಿಸಿ ಬಿಗಿಯುವುದರಿಂದ ಮುಂಚೆಯೇ ಕಟ್ಟಿಡುವಂತಿಲ್ಲ, ತಾಯಂದಿರು ಮಗುವನ್ನು ಎತ್ತಿಕೊಳ್ಳುವುದೂ ಮಲಗಿಸುವುದೂ ನಡೆದೇ ಇರುತ್ತದೆ.

ಹೀಗಿರುವಾಗ ಪುರಸಭೆಗೆ ಹೊಸ ಮುಖ್ಯಾಧಿಕಾರಿ ಬಂದರು, ಉಮಾಪತಿ ಎಂದು. ಬಯಲುಸೀಮೆಯವರು. ಕೆಟ್ಟವರಲ್ಲ. ಮೊದಲ ದಿನ ಕಿರುಚಲಿಲ್ಲ, ಅದನ್ನು ನಾವೆಲ್ಲ ಗಮನಿಸಿದೆವು. ಮೂರನೆಯ ವಾರ ನನ್ನನ್ನು ಕಚೇರಿಗೆ ಕರೆಸಿದರು.

"ನೀವು ಡಿಗ್ರಿ ಮಾಡಿದ್ದೀರಂತೆ. ನಿಮ್ಮವರ ಕೆಲಸ, ಆ ಪದಗಳು, ಗಂಟುಗಳು, ಎಲ್ಲಾ ಒಂದು ಕೈಪಿಡಿ ತರಹ ಬರೆದುಕೊಡಿ ಮೇಡಂ. ಎಲ್ಲಾ ನಿಮ್ಮ ಬಾಯಲ್ಲೇ ಇದ್ದರೆ ಹೇಗೆ? ನಾಳೆ ನೀವಿಲ್ಲ ಅಂದ್ರೆ ಊರಿನ ಗತಿ ಏನು?"

ನನಗೆ ಭಯವಾಯಿತು. ಮನೆಗೆ ಬಂದು ದೊಡ್ಡಮ್ಮನ ಮುಂದೆ ಕೂತೆ. ನಿಂಗಾಜಮ್ಮ ನನ್ನ ತಾಯಿಯ ಅಕ್ಕ, ಬೀದಿಗೆಲ್ಲ ಹಿರಿಯಳು. ಎಪ್ಪತ್ತೆಂಟರಲ್ಲೂ ಹುರಿ ಹೊಸೆಯುವುದು ಬಿಟ್ಟಿರಲಿಲ್ಲ.

"ಬರೆದ್ಕೊಟ್ರೆ ನಮ್ ಮಾತು ಕಂಡೋರ ಪಾಲಾಯ್ತದೆ ದೊಡ್ಡವ್ವ."

"ಅಯ್ಯೋ, ಬರ್ಕೊಡು ಬುಡೇ. ಮಾತೇನ್ ಹಗ್ಗವಾ, ಎಲ್ಲ್ರೂ ಎಳದ್ರೆ ಸವೆಯಾಕೆ? ಇಷ್ಟ್ ವರ್ಸ ಊರೋರು ನಮ್ಮುನ್ನ ಹಗ್ಗ್ದೋರು ಹಗ್ಗ್ದೋರು ಅಂದ್ರು. ಹಗ್ಗ್ದೋರ್ಗೂ ಒಂದ್ ಪುಸ್ತ್ಕ ಐತೆ ಅಂತ ತಿಳೀಲಿ."

ಎರಡು ತಿಂಗಳು ಬರೆದೆ. ನೂರ ಹದಿನಾಲ್ಕು ಮಾತುಗಳು ಸಿಕ್ಕವು. ಪ್ರತಿ ಮಾತನ್ನೂ ಚೌಡಮ್ಮನಿಗೆ ಓದಿ ಹೇಳಿ ಒಪ್ಪು ಪಡೆದೆ. "ಅಳಿಯ" ಎಂಬುದಕ್ಕೆ ನಾನು ಕೊಟ್ಟ ಅರ್ಥ ಕೇಳಿ ಅವಳು, "ನಮ್ಮನೇಲಿ ಒಂದ್ ಐತೆ, ಚಿತ್ರ ಬರ್ಕೊ ಬೇಕಾರೆ" ಎಂದಳು. ಕೊನೆಯ ಪುಟದಲ್ಲಿ ಕಟ್ಟಳೆ ಬರೆದೆ: ಪ್ರತಿ ಗಂಟಿಗೂ ಎರಡನೆಯ ಕೈ ಬೇಕು.

ಉಮಾಪತಿಯವರು ಓದಿದರು. ನಿಜವಾಗಿಯೂ ಓದಿದರು, ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಕೊನೆಯ ಪುಟಕ್ಕೆ ಬಂದು ಪೆನ್ಸಿಲ್ ಕೆಳಗಿಟ್ಟರು.

"ಇದೊಂದು ನನಗೆ ಅರ್ಥ ಆಗಲಿಲ್ಲ. ಗಂಟು ಸರಿಯಿದ್ದರೆ ಸರಿಯಿದೆ. ಅದನ್ನ ಹೇಳೋದಕ್ಕೆ ಇನ್ನೊಬ್ಬರು ಯಾಕೆ? ಆಸ್ಪತ್ರೆಯಲ್ಲಿ ಕಟ್ಟೋಕೆ ಇಬ್ಬರು ಅಂತ ಮಂಜೂರಾತಿ ಇದೆ. ಒಬ್ಬರು ಸಾಕಲ್ವಾ ಅಂತ ಮೇಲಿನವರು ಕೇಳ್ತಿದ್ದಾರೆ. ಒಬ್ಬರಾಗಲ್ಲ ಅಂದ್ರೆ ಸ್ಪ್ರಿಂಗ್ ಕೊಂಡಿ ಮಾರೋ ಕಂಟ್ರಾಕ್ಟರ್ ಒಬ್ಬ ಬಾಗಿಲಲ್ಲೇ ಕೂತಿದ್ದಾನೆ."

"ಸಾರ್, ನಮ್ಮಲ್ಲಿ ಹಾಗೆ ಮಾಡಲ್ಲ."

"ಹಾಗಾದ್ರೆ ಒಂದು ಪರೀಕ್ಷೆ ಮಾಡೋಣ. ನೀವೊಬ್ಬರೇ ಹನ್ನೆರಡೂ ಕಟ್ಟಿ. ನಾನು ನಿಂತು ನೋಡ್ತೀನಿ. ಕಟ್ಟಿ ಮುಗಿಸಿದರೆ ಆಯ್ತು, ನೀವು ಕಾಯಂ ಮೇಲ್ವಿಚಾರಕಿ. ಆಗದಿದ್ದರೆ ಕೊಂಡಿ."

ಆ ವಾರ ನಾನು ಸರಿಯಾಗಿ ಅನ್ನ ತಿನ್ನಲಿಲ್ಲ. ಗೆದ್ದರೆ ಚೌಡಮ್ಮ ಮನೆಗೆ ಹೋಗುತ್ತಾಳೆ, ಆಮೇಲೆ ಶಾಲೆಯಲ್ಲಿ, ಸಂತೆಯಲ್ಲಿ, ತೊಟ್ಟಿಯ ಹತ್ತಿರ, ಪ್ರತಿ ಜೋಡಿಯಲ್ಲೂ ಒಬ್ಬರು ಹೋಗುತ್ತಾರೆ, ಎರಡನೆಯ ಕೈ ನಮ್ಮ ಊರಿನಿಂದಲೇ ಹೋಗುತ್ತದೆ. ಸೋತರೆ ನಾವೆಲ್ಲರೂ ಹೋಗುತ್ತೇವೆ, ಕೊಂಡಿ ಬರುತ್ತದೆ. ಬೇಕೆಂದೇ ನಿಧಾನ ಮಾಡೋಣವೆಂದರೆ ತೊಟ್ಟಿಲಲ್ಲಿರುವುದು ಆಲೂಗಡ್ಡೆಯಲ್ಲ. ಚೌಡಮ್ಮನಿಗೆ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ನಾರು ಬಾಚಿದಳು.

"ಕಟ್ಟು. ಚೆನ್ನಾಗ್ ಕಟ್ಟು. ನನ್ನ್ ನೋಡ್ಕಂಡು ಗಂಟ್ ಕೆಡಸ್ಕಂಡೆ ಅಂದ್ರೆ ನಿನ್ ಜುಟ್ಟ್ ಕೀಳ್ತೀನಿ."

ಪರೀಕ್ಷೆಯ ದಿನ ಅವಳನ್ನು ವಾರ್ಡಿನೊಳಕ್ಕೆ ಬಿಡಲಿಲ್ಲ. ಹೊರಗೆ ಕಿಟಕಿಯ ಸರಳು ಹಿಡಿದು ನಿಂತಳು. ಉಮಾಪತಿಯವರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು. ಹನ್ನೆರಡು ಹಾಸಿಗೆ, ಪಕ್ಕಕ್ಕೊಂದು ತೊಟ್ಟಿಲು, ತೊಟ್ಟಿಲ ಕೆಳಗೆ ನೆಲದಲ್ಲಿ ಕಬ್ಬಿಣದ ಬಳೆ. ತಾಯಂದಿರು ಊರಿನವರೇ, ಸೊಂಟದ ಪಟ್ಟಿಯನ್ನು ತಾವೇ ಬಿಗಿದುಕೊಂಡು ನಮ್ಮನ್ನೇ ನೋಡುತ್ತಿದ್ದರು. ಕಡೆಯ ಹಾಸಿಗೆ ಮಾತ್ರ ಖಾಲಿ. ಬೆಳಿಗ್ಗೆ ಹೆತ್ತವಳಿಗೆ ರಕ್ತ ನಿಲ್ಲದೆ ಒಳಗೆ ಕರೆದುಕೊಂಡು ಹೋಗಿದ್ದರು. ಮಗು ತೊಟ್ಟಿಲಲ್ಲಿ ಒಂದೇ ಮಲಗಿತ್ತು.

"ಕಲ್ಲು ತೂಗ್ತು!" ಎಂದು ನರ್ಸ್ ಫಿಲೋಮಿನಾ ಬಾಗಿಲಿನಿಂದ ಕೂಗಿ, ಔಷಧಿ ಬೀರುವಿನ ಕಡೆ ಓಡಿದರು.

ಮೊದಲ ತೊಟ್ಟಿಲು ಕಟ್ಟಿದೆ. ಹಗ್ಗ ಬಳೆಯೊಳಗೆ ನುಸುಳಿತು, ಸುತ್ತಿತು, ಕೂಸುಗಂಟು ಬಿತ್ತು, ಜುಟ್ಟು ನಾಲ್ಕು ಬೆರಳು. ಅಷ್ಟು ಚೆಂದದ ಗಂಟು ನಾನು ಆ ವರ್ಷ ಹಾಕಿರಲಿಲ್ಲ.

ಆಮೇಲೆ ನಿಂತೆ.

ನಿಂತಿದ್ದೇನೆಂದು ನನಗೆ ಗೊತ್ತಾಗಲಿಲ್ಲ. ಕೈ ಗಂಟಿನ ಮೇಲಿತ್ತು. ಕೆಲಸ ನಡೆಯುತ್ತಿದೆ ಎಂದೇ ನನಗೆ ಅನ್ನಿಸುತ್ತಿತ್ತು. ಎಂಟು ವರ್ಷದಿಂದ ಪ್ರತಿ ಗಂಟು ಹಾಕಿದ ಮೇಲೂ ಹೀಗೇ ನಿಂತಿದ್ದೇನೆ, ಅಷ್ಟರಲ್ಲಿ ಒಂದು ಬಿಸಿ ಅಂಗೈ ಬಂದು ನನ್ನ ಕೈ ಸರಿಸಿದೆ. ಈಗ ಅದು ಬರಲಿಲ್ಲ.

"ಆಯ್ತಲ್ಲ ಮೇಡಂ? ಮುಂದಿನದು," ಎಂದರು ಉಮಾಪತಿ.

"ಹೂಂ ಸಾರ್," ಎಂದೆ. ಕೈ ಬರಲಿಲ್ಲ. ಅದರ ಮೇಲೆ ನನ್ನ ಅಧಿಕಾರವೇ ಇಲ್ಲವೆನ್ನುವ ಹಾಗೆ ಅಲ್ಲೇ ಕೂತಿತ್ತು. ತೆಗೆಯಬೇಕು, ಹನ್ನೊಂದು ತೊಟ್ಟಿಲು ಬಾಕಿಯಿದೆ ಎಂದು ತಲೆ ಹೇಳುತ್ತಿತ್ತು. ತೆಗೆದರೆ ಈ ಗಂಟು ಯಾರದೂ ಅಲ್ಲದ್ದಾಗುತ್ತದೆ ಎಂದು ಕೈ ಹೇಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಗಂಟು ತಪ್ಪಾಗಿ ಹಾಕಿ ಸೋಲುತ್ತಿದ್ದರು. ಸರಿಯಾದ ಗಂಟು ಹಾಕಿ, ಅದನ್ನು ಹಿಡಿದುಕೊಂಡೇ ಸೋಲುವುದು ಹುರಿಕಾರರಿಗೆ ಮಾತ್ರ ಸಾಧ್ಯ.

ಕಿಟಕಿಯಿಂದ ಚೌಡಮ್ಮ ಅರಚಿದಳು, "ನಿಂತ್ಕಂಡ್ಯಲ್ಲೇ ಮಾದೇವಿ! ಬುಡೇ ಕೈಯ! ಮುಂದುಕ್ ನಡಿಯೇ!" ನನ್ನನ್ನು ಗೆಲ್ಲಿಸಿ ತಾನು ಮನೆಗೆ ಹೋಗಲು ತಯಾರಾಗಿ ಕೂಗುತ್ತಿದ್ದಳು ಪುಣ್ಯಾತ್ಗಿತ್ತಿ. "ಸತ್ತೋಗ್ಲಿ ಕಟ್ಟ್ಳೆ! ಬುಡೇ!"

ಆದರೂ ಕೈ ಬರಲಿಲ್ಲ.

"ಅಕ್ಕಾ," ಎಂದಿತು ಹತ್ತಿರದಲ್ಲೇ ಒಂದು ದನಿ. ಮೊದಲ ಹಾಸಿಗೆಯ ತಬಸ್ಸುಮ್, ಬಳೆ ಅಂಗಡಿಯವರ ಸೊಸೆ, ಹೆತ್ತು ಮೂರು ದಿನವಾಗಿತ್ತು. "ಚೌಡಕ್ಕನ್ನ ಕಾಯ್ತಿದ್ದೀರಾ? ಅವ್ರನ್ನ ಬಿಡಲ್ವಂತಲ್ಲ. ನಾ ಮುಟ್ಲಾ?"

ನಾನು ಅವಳ ಮುಖ ನೋಡಿದೆ. ಅವಳು ಹುರಿಕಾರರವಳಲ್ಲ. ಆದರೆ ಕೈಪಿಡಿ ಬರೆಯುವಾಗ ಬೀದಿಯ ಹಿರಿಯರನ್ನೆಲ್ಲ ಕೇಳಿದ್ದೆ, ಎರಡನೆಯ ಕೈ ಯಾರದಿರಬೇಕೆಂದು ಯಾರೂ ಹೇಳಿರಲಿಲ್ಲ. ಅದು ನಿನ್ನದಾಗಿರಬಾರದು ಎಂದಷ್ಟೇ ಹೇಳಿದ್ದರು.

ತಬಸ್ಸುಮ್ ಹಾಸಿಗೆಯಿಂದಲೇ ಬಾಗಿ ಕೈ ಚಾಚಿದಳು. ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕುವ ಹಾಗೆ ಗಂಟನ್ನು ಎರಡು ಬೆರಳಲ್ಲಿ ಒತ್ತಿದಳು. ಸುತ್ತು ಸವರಿದಳು, ಜುಟ್ಟು ಅಳೆದಳು. ಹುಟ್ಟಿದಾಗಿನಿಂದ ಚೌಡಮ್ಮನಂಥವರು ಮಾಡಿದ್ದನ್ನು ನೋಡಿದವಳು.

"ಒಪ್ಪು," ಎಂದಳು.

ನನ್ನ ಕೈ ಹಕ್ಕಿಯ ಹಾಗೆ ಎದ್ದಿತು.

ಎರಡನೆಯ ತೊಟ್ಟಿಲಿಗೆ ಹೋಗುವಷ್ಟರಲ್ಲಿ ಆ ತಾಯಿ ಆಗಲೇ ಕೈ ಚಾಚಿಕೊಂಡು ಕಾಯುತ್ತಿದ್ದಳು. "ಒಪ್ಪು." ಮೂರನೆಯವಳಿಗೆ ಬಾಗಲಾಗದೆ ಜೊತೆಗಿದ್ದ ಅವಳ ಅತ್ತೆ ಮುಟ್ಟಿದಳು. "ಒಪ್ಪು ಕಣವ್ವ." ಐದನೆಯವಳು ಕನ್ನಡಕ ಹುಡುಕಿದಳು. "ಬೇಗ ನೋಡ್ರೀ" ಎಂದಿದ್ದಕ್ಕೆ, "ನಿಮ್ಗೇನಕ್ಕ, ಮಗ ನಂದು, ನಾ ನೋಡೋವಷ್ಟ್ ನೋಡ್ತೀನಿ" ಎಂದು ನನ್ನನ್ನೇ ಗದರಿದಳು. ಏಳನೆಯವಳು "ಇಲ್ಲ" ಎಂದಳು. ಹಗ್ಗದೊಳಗೆ ಬಟ್ಟೆಯ ಅಂಚು ಸಿಕ್ಕಿಹಾಕಿಕೊಂಡಿತ್ತು. "ನಿನ್ನ ಕಣ್ಣು ದೊಡ್ಡದು" ಎಂದು ಹೇಳಿ ಮತ್ತೆ ಕಟ್ಟಿದೆ. ಅವಳಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ವಾರ್ಡಿನ ಈ ತುದಿಯಿಂದ ಆ ತುದಿಯವರೆಗೆ ನಮ್ಮ ಮಾತು, ನಮ್ಮ ಬೀದಿಯಲ್ಲಿ ಕಾಲಿಡದವರ ಬಾಯಿಂದಲೂ, ಒಂದೊಂದೇ ದೀಪ ಹಚ್ಚಿಕೊಂಡು ಹೋದ ಹಾಗೆ ಕೇಳಿಸಿತು. ಕಿಟಕಿಯಲ್ಲಿದ್ದ ಚೌಡಮ್ಮನ ಕಡೆ ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಅಳುತ್ತಿದ್ದೆ, ಅಳುವುದಕ್ಕೆ ಹೊತ್ತಿರಲಿಲ್ಲ.

ಹನ್ನೆರಡನೆಯದಕ್ಕೆ ಬಂದಾಗ ನೆಲದ ಧೂಳು ಏಳತೊಡಗಿತ್ತು. ತಾಯಿಯಿಲ್ಲದೆ ಮಲಗಿದ್ದ ಆ ಮಗುವನ್ನು ಬಹಳ ಜಾಗ್ರತೆಯಿಂದ ಕಟ್ಟಿದೆ. ಒಪ್ಪುವವರು ಪಕ್ಕದಲ್ಲಿಲ್ಲವೆಂಬುದಕ್ಕೇ ಇರಬೇಕು, ಹಳೆಯ ಚಟ ಎದ್ದಿತು. ಗಂಟನ್ನು ಎಳೆದು ನೋಡಿದೆ. ಸರಿಯಿತ್ತು. ಮತ್ತೆ ಎಳೆದೆ. ಮತ್ತೂ ಒಂದು ಸಲ. ಆ ದಿನ ನಾನು ಹಾಕಿದ ಹನ್ನೆರಡು ಗಂಟುಗಳಲ್ಲಿ ಇದಂತೂ ಸರಿಯೆಂದು ಯಾರ ತಲೆಯ ಮೇಲೆ ಬೇಕಾದರೂ ಕೈಯಿಟ್ಟು ಹೇಳುತ್ತಿದ್ದೆ.

ಕೈ ಅಲ್ಲೇ ಇತ್ತು. ಫಿಲೋಮಿನಾ ಬೀರುವಿನ ಬಾಗಿಲು ತೆರೆದುಕೊಳ್ಳದ ಹಾಗೆ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು, ಬಿಟ್ಟು ಬರುವಂತಿರಲಿಲ್ಲ. ಹನ್ನೊಂದನೆಯ ತಾಯಿಯ ಕೈ ಇಲ್ಲಿಗೆ ಎಟುಕುತ್ತಿರಲಿಲ್ಲ.

"ಸಾರ್, ಬನ್ನಿ," ಎಂದೆ.

"ನಾನಾ? ನನಗೇನು ಗೊತ್ತು?"

"ಓದಿದ್ದೀರಲ್ಲ ಸಾರ್. ಪೆನ್ಸಿಲ್ ಹಿಡಿದು ಓದಿದ್ದೀರಿ. ಬನ್ನಿ."

ಅವರು ಬಂದು ಮಂಡಿಯೂರಿದರು. ಮಂಡಿ ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ, ಕುತ್ತಿಗೆಯ ಟೈ ಮೆಲ್ಲಗೆ ಮುಖದ ಕಡೆ ಏಳುತ್ತಿತ್ತು. ಗಂಟನ್ನು ಮುಟ್ಟಿದರು. ಬೇಗ ಒಪ್ಪು ಎಂದು ಹೇಳಿ ಮುಗಿಸಿಬಿಡುತ್ತಾರೆ, ಅಧಿಕಾರಿಗಳು ರುಜು ಹಾಕುವ ಹಾಗೆ, ಎಂದುಕೊಂಡೆ. ಅವರು ಮುಗಿಸಲಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದರು. ಆಮೇಲೆ, ಪರೀಕ್ಷೆಯಲ್ಲಿ ತಪ್ಪು ಉತ್ತರ ಹೇಳುವ ಹುಡುಗನ ದನಿಯಲ್ಲಿ, "ಇಲ್ಲ ಅನ್ಸುತ್ತೆ ಮೇಡಂ," ಎಂದರು. "ಬೇರೆಯವಕ್ಕೆಲ್ಲ ತುದಿ ಉದ್ದ ಇತ್ತು. ಇದಕ್ಕೆ... ಇಲ್ಲ."

ನೋಡಿದೆ. ಜುಟ್ಟು ಒಂದು ಬೆರಳಿನಷ್ಟೂ ಇರಲಿಲ್ಲ. ಮೂರು ಸಲ ಎಳೆದು ನೋಡುವ ಭರದಲ್ಲಿ ನಾನೇ ಅದನ್ನು ಗಂಟಿನೊಳಕ್ಕೆ ನುಂಗಿಸಿದ್ದೆ. ಒಂದು ಗಂಟೆ ಮಗು ಅತ್ತು ಕೈಕಾಲು ಒದ್ದರೆ ಗಂಟು ಜಾರಿ ತೊಟ್ಟಿಲು ಮೇಲೇರುತ್ತಿತ್ತು. ಆಮೇಲೆ ಭಾರ ಬರುತ್ತಿತ್ತು.

"ನಿಮ್ಮ ಕಣ್ಣು ದೊಡ್ಡದು," ಎಂದೆ. ಬಿಚ್ಚಿದೆ, ಕಟ್ಟಿದೆ. ಅವರು ತಮ್ಮ ನಾಲ್ಕು ಬೆರಳು ಜೋಡಿಸಿ ಜುಟ್ಟಿನ ಪಕ್ಕ ಇಟ್ಟು ಅಳೆದರು.

"ಒಪ್ಪು," ಎಂದರು.

ಭಾರ ಹೋಯಿತು. ಹನ್ನೆರಡು ತೊಟ್ಟಿಲು ಕೂದಲೆಳೆಯಷ್ಟು ಎದ್ದು, ಹಗ್ಗ ಬಿಗಿದು, ನಿಂತವು. ಮಗುವಿನ ಕೈಯೊಂದು ಹೊದಿಕೆಯಿಂದ ತೇಲಿ ಹೊರಬಂತು. ನಾನು ಬಳೆಗೆ ಕಾಲು ಸಿಕ್ಕಿಸಿಕೊಂಡಿದ್ದೆ. ಉಮಾಪತಿಯವರಿಗೆ ಅದು ನೆನಪಿರಲಿಲ್ಲ. ಮಂಡಿಯೂರಿದ ಭಂಗಿಯಲ್ಲೇ, ನಾಲ್ಕು ಬೆರಳು ಜೋಡಿಸಿಕೊಂಡೇ, ಗಂಭೀರವಾಗಿ ಮೇಲಕ್ಕೆ ಹೊರಟರು. ಒಳಗೆ ತೇಲಿಬಂದ ಚೌಡಮ್ಮ ಮಂಚಕ್ಕೆ ಕಾಲು ಸಿಕ್ಕಿಸಿಕೊಂಡು ಅವರ ಶೂ ಹಿಡಿದು ಜಗ್ಗಿದಳು.

"ಇಳೀರಿ ಸಾ. ಊರ್ನೆಲ್ಲ ಒಪ್ಪುದ್ರಿ, ನಿಮ್ಮುನ್ನ್ ಕಟ್ಟೋರ್ಯಾರು?"

ತಾಯಂದಿರು ನಕ್ಕರು. ಹೊಲಿಗೆ ಹಾಕಿಸಿಕೊಂಡವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಭಾರ ಬಂದು, ಊರು ಕೆಳಗೆ ಕೂತ ಮೇಲೆ, ಉಮಾಪತಿಯವರು ನನ್ನನ್ನು ನರ್ಸಿನ ಮೇಜಿನ ಹತ್ತಿರ ಕರೆದರು. ಕಡೆಯ ಹಾಸಿಗೆಯವಳಿಗೆ ರಕ್ತ ನಿಂತಿತೆಂದು ಆಗಷ್ಟೇ ಸುದ್ದಿ ಬಂದಿತ್ತು. ಅವರು ಬಿಳಿ ಹಾಳೆ ಮುಂದಿಟ್ಟು ಗಡಿಯಾರ ಕಟ್ಟಿಕೊಂಡರು.

"ಇಬ್ಬರೂ ಇರಬೇಕು ಅಂತ ನಾನು ಬರೀತೀನಿ. ಆದ್ರೆ ಮೇಲಿನವರು ಕಾರಣ ಕೇಳ್ತಾರೆ. ಸಂಪ್ರದಾಯ ಅಂದ್ರೆ ಒಪ್ಪಲ್ಲ. ಆಗಿದ್ದೇನು ಅಂತ ಇರಬೇಕು." ಅವರು ನನ್ನ ಮುಖ ನೋಡಲಿಲ್ಲ. "ಅದನ್ನ ಬರೆದರೆ ನಿಮ್ಮ ಹೆಸರಲ್ಲಿ ತಪ್ಪು ದಾಖಲಾಗುತ್ತೆ. ಮೇಲ್ವಿಚಾರಕಿ ಹುದ್ದೆಗೆ ಆಮೇಲೆ ನಿಮ್ಮ ಹೆಸರು ಹೋಗಲ್ಲ. ಯೋಚನೆ ಮಾಡಿ. ಬೇಡ ಅಂದ್ರೆ ಬೇರೆ ಏನಾದ್ರೂ ದಾರಿ ನೋಡ್ತೀನಿ."

"ನಾನೇ ಬರೀತೀನಿ ಸಾರ್," ಎಂದೆ.

ಆ ಹಾಳೆಯಲ್ಲಿ ನಾನು ಒಂದು ಪದವನ್ನೂ ಹೊಡೆದುಹಾಕಲಿಲ್ಲ. ಹನ್ನೆರಡನೆಯ ತೊಟ್ಟಿಲಿನ ಗಂಟನ್ನು ಹಾಕಿದವಳು ನಾನು. ಮೂರು ಬಾರಿ ಪರೀಕ್ಷಿಸಿದವಳೂ ನಾನು. ಅದು ಸರಿಯಿದೆ ಎಂದು ನನಗೆ ಪೂರ್ತಿ ನಂಬಿಕೆಯಿತ್ತು. ಅದು ತಪ್ಪಾಗಿತ್ತು. ಹಗ್ಗದ ಕೆಲಸ ಎಂದೂ ಮಾಡದ ಒಬ್ಬರು ಮುಟ್ಟಿ ನೋಡಿ ತಪ್ಪನ್ನು ಹಿಡಿದರು. ಮಗು ಕ್ಷೇಮ. ಕೆಳಗೆ ನನ್ನ ಪೂರ್ಣ ಹೆಸರು ಬರೆದು, ಹುರಿಕಾರರ ಬೀದಿ ಎಂದು ವಿಳಾಸ ಬರೆದೆ. ಉಮಾಪತಿಯವರು ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ನಿಧಾನವಾಗಿ ಓದಿದರು. ಓದಿ ರುಜು ಮಾಡಿ, ನನಗೊಂದು ಪ್ರತಿ ಕೊಟ್ಟರು.

ಹದಿನೆಂಟು ದಿನ ನಾನೂ ಚೌಡಮ್ಮನೂ ಉಸಿರು ಬಿಗಿಹಿಡಿದು ಕೆಲಸ ಮಾಡಿದೆವು. ಹತ್ತೊಂಬತ್ತನೆಯ ದಿನ ಆದೇಶ ಬಂತು. ಆಸ್ಪತ್ರೆಯಲ್ಲಿ ಇಬ್ಬರು, ಶಾಲೆಯಲ್ಲಿ ಇಬ್ಬರು, ಸಂತೆಯಲ್ಲಿ ಇಬ್ಬರು, ಎಲ್ಲೆಲ್ಲಿ ಮುಂಚೆ ಇದ್ದರೋ ಅಲ್ಲೆಲ್ಲ ಇಬ್ಬರು, ಕೊಂಡಿ ಬೇಡ. ಕಾರಣ: ಶ್ರೀಮತಿ ಮಾದೇವಿಯವರ ತಪ್ಪು. ಮೇಲ್ವಿಚಾರಕಿಯ ಹುದ್ದೆಗೆ ಬೇರೆ ಊರಿನಿಂದ ಯಾರನ್ನೋ ಕಳಿಸುತ್ತಾರಂತೆ. ಬರಲಿ. ಮೊದಲ ದಿನ ಕಿರುಚದಿದ್ದರೆ ಸಾಕು.

ಅವತ್ತು ಸಂಜೆ ಬೀದಿಯವರೆಲ್ಲ ನಾರು ಬಾಚುವ ಜಗುಲಿಯ ಮುಂದೆ ಸೇರಿದರು. ಆದೇಶ ಓದಿದೆ. ಎಲ್ಲರೂ ಒಳ್ಳೆಯದಾಯಿತು ಎಂದರು ಅಷ್ಟೇ. ಆಗ ನಿಂಗಾಜಮ್ಮ ಕೇಳಿದಳು, "ನೀನ್ ಬರೆದ್ಯಲ್ಲ, ಆ ಕಾಗ್ದ ಎಲ್ಲಿ? ಅದ್ನೋದು."

ನನಗೆ ಸಂಕೋಚ. ನನ್ನ ತಪ್ಪನ್ನು ನಲವತ್ತು ಮನೆಯವರ ಮುಂದೆ ನಾನೇ ಓದಬೇಕು. ಕೂತಲ್ಲೇ ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಓದಿದೆ. ಮುಗಿಸಿ ತಲೆಯೆತ್ತಿದರೆ ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಮದುವೆ ಮನೆಗಳಲ್ಲಿ ಮಾತ್ರ ನೋಡಿದ್ದೆ. ಚೌಡಮ್ಮ ಮೂಗೊರೆಸಿಕೊಂಡು ಅಕ್ಕಪಕ್ಕದವರಿಗೆ, "ನನ್ನ್ ಜೊತೆಯೋಳು," ಎಂದು ಹೇಳುತ್ತಿದ್ದಳು, ಅವರಿಗೆ ಅದು ಗೊತ್ತಿಲ್ಲವೇನೋ ಎನ್ನುವ ಹಾಗೆ.

"ಸರ್ಕಾರದ್ ಕಾಗ್ದದಲ್ಲಿ ನಾನ್ ತಪ್ಪ್ ಮಾಡ್ದೆ ಅಂತ ಇನ್ನ್ಯಾವ್ ಕೇರಿಯೋರು ಬರೆದವ್ರೆ, ಹೇಳಿ ನೋಡಾನ," ಎಂದಳು ನಿಂಗಾಜಮ್ಮ ಎಲ್ಲರ ಕಡೆ ತಿರುಗಿ. ಆಮೇಲೆ ನನಗೆ, "ತಪ್ಪಾಗಿತ್ತು ಅಂತ ಐತಲ್ಲ, ಆ ಜಾಗ ಇನ್ನೊಂದ್ ಸಲ ಓದವ್ವ. ಹಿಂದ್ಲೋರ್ಗೆ ಕೇಳ್ಸ್‌ಲಿಲ್ಲ."

ನಾನು ಎದ್ದು ನಿಂತು ಓದಿದೆ.